ಬಾಲಚರರ ಹಬ್ಬ ಮತ್ತು ಮಾನದ ಮಾತು

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರಕ್ಕೆ ಹೋದವರ ಮನಸ್ಸಿನಲ್ಲಿ ಬಹುಕಾಲ ಉಳಿಯುವುದು ಮಲಪ್ರಭೆಯ ದಂಡೆ, ಅಲ್ಲಿನ ಗೋಶಾಲೆ, ವಿಭೂತಿ ತಯಾರಿಸುವ ಕೆಲಸ ಮತ್ತು ನಸುಕಿನಲ್ಲೇ ಎದ್ದು ಮಿಂದು ಪಾಠಕ್ಕೆ ಕೂರುವ ವಟುಗಳು. ಹಾನಗಲ್ಲ ಕುಮಾರ ಸ್ವಾಮಿಗಳು ಈ ಸಂಸ್ಥೆಯನ್ನು ಸ್ಥಾಪಿಸಿದ್ದು 1909ರಲ್ಲಿ. ಆಗ ಈ ಪ್ರದೇಶ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಊರೂರು ತಿರುಗಿ ಜೋಳಿಗೆ ಹಿಡಿದು ಕಟ್ಟಿದ ಈ ತಾಣದಲ್ಲಿ ಹುಡುಗರಿಗೆ ಸಂಸ್ಕೃತ ಮತ್ತು ಯೋಗದ ಅಭ್ಯಾಸದ ಜೊತೆಗೆ ಮೈಮುರಿದು ದುಡಿಯುವ ಅಭ್ಯಾಸವನ್ನೂ ಮಾಡಿಸಲಾಯಿತು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಬೆಳೆದದ್ದು ಇದೇ ಸ್ವಾಮಿಗಳ ಆಸರೆಯಲ್ಲಿ.

ಅದೇ 1909ರಲ್ಲಿ, ಇಂದಿನ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬ ಸೈನ್ಯಾಧಿಕಾರಿ ಕೆಲವು ಹುಡುಗರನ್ನು ಸೇರಿಸಿ ಒಂದು ದಳ ಕಟ್ಟಿದರು. ಭಾರತದ ಮೊದಲ ಸ್ಕೌಟ್ ದಳ ಎಂದು ದಾಖಲಾಗಿರುವುದು ಅದೇ. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿರಲಿಲ್ಲ. ಒಂದರ ಹಿಂದೆ ಮಠವಿತ್ತು, ಇನ್ನೊಂದರ ಹಿಂದೆ ದಂಡು ಇತ್ತು. ಆದರೂ ಹುಡುಗರನ್ನು ನಾಲ್ಕು ಗೋಡೆಗಳ ಆಚೆ ಕರೆದು ತಂದು, ಅವರ ಕೈಗೆ ಕೆಲಸ ಕೊಟ್ಟು, ಅದನ್ನು ಅವರು ಮಾಡಿಯೇ ಮಾಡುತ್ತಾರೆಂದು ನಂಬುವ ಪ್ರಯೋಗ ಒಂದೇ ವರ್ಷ ಎರಡೂ ಕಡೆ ನಡೆಯಿತು ಎಂಬುದು ಗಮನಿಸತಕ್ಕ ಸಂಗತಿ.

ದೂರದರ್ಶನದ ಕಾರ್ಯಕ್ರಮ ನಿರ್ಮಾಪಕನಿಗೆ ವಾರ್ಷಿಕೋತ್ಸವಗಳನ್ನು ಚಿತ್ರೀಕರಿಸುವುದು ನಿತ್ಯದ ಕೆಲಸ. ಬಾಲಚರರ ಹಬ್ಬಗಳಿಗೂ ನಾನು ಕ್ಯಾಮೆರಾ ಹಿಡಿದವರ ಜೊತೆ ಹೋಗಿದ್ದೇನೆ. ಧ್ವಜಾರೋಹಣ, ಪಥಸಂಚಲನ, ಗಣ್ಯರ ಭಾಷಣ, ಪದಕ ಪ್ರದಾನ, ಕೊನೆಗೆ ಗುಂಪು ಚಿತ್ರ: ನಮ್ಮ ಚಿತ್ರೀಕರಣದ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಮೈದಾನದ ಹಿಂಬದಿಯಲ್ಲಿ ಹುಡುಗರು ಕೋಲು, ಹಗ್ಗ, ಬಾವುಟ ಹಿಡಿದು ಹಳೆಯ ಕಾಲದ ಚಟುವಟಿಕೆಗಳನ್ನು ನಡೆಸುತ್ತಿರುತ್ತಾರೆ. ಹಗ್ಗದ ಗಂಟು, ಬಾವುಟದ ಸಂಜ್ಞೆ, ಹೆಜ್ಜೆಗುರುತಿನ ಜಾಡು, ನೆರಳು ನೋಡಿ ದಿಕ್ಕು ಹೇಳುವ ಆಟ. ಕಿಸೆಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಇವೆಲ್ಲ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ಬೇಕಿದ್ದರೆ ಈ ಚಳವಳಿಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಬ್ರೌನ್‌ಸೀ ದ್ವೀಪದ ಶಿಬಿರ

ಸ್ಕೌಟ್ ಚಳವಳಿಯ ಮೂಲಪುರುಷ ರಾಬರ್ಟ್ ಬೇಡನ್ ಪೊವೆಲ್ ತಮ್ಮ ಸೈನಿಕ ಜೀವನವನ್ನು ಆರಂಭಿಸಿದ್ದು ಭಾರತದಲ್ಲಿ, 1876ರಲ್ಲಿ, ಲಖನೌ ನಗರದ ದಂಡಿನಲ್ಲಿ. ಮುಂದೆ 1897ರಲ್ಲಿ ಮೀರತ್‌ನಲ್ಲಿ ಒಂದು ಕುದುರೆ ಪಡೆಯ ಮುಖ್ಯಸ್ಥರಾದಾಗ, ಶತ್ರುವಿನ ಸುಳಿವು ಹಿಡಿಯುವ, ಜಾಡು ಓದುವ ವಿದ್ಯೆಯನ್ನು ಸಿಪಾಯಿಗಳಿಗೆ ಸಣ್ಣ ಸಣ್ಣ ತಂಡಗಳಲ್ಲಿ ಕಲಿಸಿದರು. ಆ ಪಾಠಗಳೇ 1899ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರು 217 ದಿನಗಳ ಮುತ್ತಿಗೆಗೆ ಸಿಕ್ಕಿತು. ಅಲ್ಲಿ ಹುಡುಗರು ಓಲೆ ಒಯ್ಯುವ, ಕಾವಲು ಕಾಯುವ ಕೆಲಸಗಳನ್ನು ನಿರ್ವಹಿಸಿದರು. ಹೊಣೆ ಹೊರಿಸಿದರೆ ಹುಡುಗರು ಅದಕ್ಕೆ ತಕ್ಕಂತೆ ಬೆಳೆಯುತ್ತಾರೆ ಎಂಬ ನಂಬಿಕೆ ಅವರಿಗೆ ಬಂದದ್ದು ಅಲ್ಲಿ.

1907ರ ಆಗಸ್ಟ್ ಮೊದಲ ವಾರದಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಇಪ್ಪತ್ತು ಹುಡುಗರ ಶಿಬಿರ ನಡೆಯಿತು. ಸುಮಾರು ಅರ್ಧದಷ್ಟು ಮಂದಿ ಸಿರಿವಂತರ ವಸತಿ ಶಾಲೆಗಳ ಮಕ್ಕಳು. ಉಳಿದವರು ಹತ್ತಿರದ ಪೂಲ್, ಬೋರ್ನ್‌ಮತ್ ಊರುಗಳ ದುಡಿಯುವ ಮನೆಗಳಿಂದ ಬಂದವರು. ಅವರನ್ನು ಬೆರೆಸಿ ತೋಳ, ಗೂಳಿ, ಕಡಲ ಹಕ್ಕಿ, ಕಾಗೆಯ ಹೆಸರಿನ ನಾಲ್ಕು ತಂಡಗಳನ್ನು ಮಾಡಲಾಯಿತು. ಪ್ರತಿ ತಂಡಕ್ಕೂ ಒಬ್ಬ ಹುಡುಗನೇ ನಾಯಕ. ತನ್ನ ತಂಡದ ನಡವಳಿಕೆಗೆ ಅವನೇ ಹೊಣೆಗಾರ. ದಂಡನೆಯ ಭಯವಿಲ್ಲದೆ ಮಾತಿನ ಮೇಲೆ ನಿಲ್ಲುವ ಶಿಸ್ತು ಸಾಧ್ಯವೇ ಎಂಬುದೇ ಆ ಶಿಬಿರದ ಪರೀಕ್ಷೆ. ಮರುವರ್ಷ ಹುಡುಗರಿಗಾಗಿ ಬರೆದ ಪುಸ್ತಕ ಬಂದಿತು. ಯಾರೂ ಕರೆಯದಿದ್ದರೂ ಹುಡುಗರು ತಾವೇ ದಳಗಳನ್ನು ಕಟ್ಟಿಕೊಳ್ಳತೊಡಗಿದರು. ಆ ಅಲೆ ಎರಡೇ ವರ್ಷದಲ್ಲಿ ಬೆಂಗಳೂರು ತಲುಪಿತು.

ಮುಚ್ಚಿದ ಬಾಗಿಲು

ಬ್ರೌನ್‌ಸೀಯಲ್ಲಿ ಬಡವ ಬಲ್ಲಿದ ಎಂಬ ಗೋಡೆಯನ್ನು ಕೆಡವಲು ನೋಡಿದ ಚಳವಳಿ ಭಾರತಕ್ಕೆ ಬಂದಾಗ ಇನ್ನೊಂದು ಗೋಡೆಯನ್ನು ಜೊತೆಗೇ ತಂದಿತು. ಬೆಂಗಳೂರು, ಪುಣೆ ಸಮೀಪದ ಕಿರ್ಕಿ, ಜಬಲ್ಪುರ ಮುಂತಾದ ಕಡೆ ಎದ್ದ ಆರಂಭದ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಜಾಡು ಹಿಡಿಯುವುದು, ಸಂಜ್ಞೆ ಕಳಿಸುವುದು, ಗುಂಪಾಗಿ ನಡೆಯುವುದು, ಇವನ್ನೆಲ್ಲ ಕಲಿತ ಭಾರತೀಯ ಯುವಕ ನಾಳೆ ಕ್ರಾಂತಿಕಾರಿಯಾದಾನು ಎಂಬ ಅಳುಕು ಸರ್ಕಾರಕ್ಕಿತ್ತು. ಬೆಂಗಳೂರಿನಲ್ಲಿ ಆ ಮೊದಲ ದಳ ಕವಾಯತು ಮಾಡುವಾಗ ಬೇಲಿಯಾಚೆ ನಿಂತು ನೋಡಿದ ಕನ್ನಡದ ಹುಡುಗರೂ ಇದ್ದಿರಬೇಕು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಹೊರಗಿಟ್ಟವರು ಸುಮ್ಮನೆ ಕೂರಲಿಲ್ಲ. 1913ರಲ್ಲಿ ಉತ್ತರ ಪ್ರದೇಶದ ಷಾಜಹಾನ್‌ಪುರದಲ್ಲಿ ಶ್ರೀರಾಮ ವಾಜಪೇಯಿ ಭಾರತೀಯ ಹುಡುಗರ ದಳ ಕಟ್ಟಿದರು. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಬಾಲಚರರ ಸಂಘವನ್ನು ಆರಂಭಿಸಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅವರ ಸೇವಾ ಸಮಿತಿಯ ಬಾಲಚರ ಸಂಘ 1918ರಲ್ಲಿ ಹುಟ್ಟಿತು. ನಮ್ಮ ಮೈಸೂರು ಸಂಸ್ಥಾನದ ಬಾಲಚರ ಚಳವಳಿಗೆ 1917 ಹುಟ್ಟಿದ ವರ್ಷ. ಬಿಳಿಯ ಮಕ್ಕಳ ದಳ ಕಟ್ಟಿದ ಎಂಟೇ ವರ್ಷದಲ್ಲಿ ಕನ್ನಡ ನಾಡಿನ ಹುಡುಗರ ಕೊರಳಿಗೂ ಸ್ಕಾರ್ಫ್ ಬಂದಿತು.

ಮುಂಬಯಿ ಕರ್ನಾಟಕದ ಭಾಗದಲ್ಲಿ ಇದೇ ಹಂಬಲ ಇನ್ನೊಂದು ರೂಪ ತಾಳಿತು. ಧಾರವಾಡದಲ್ಲಿ ಹುಟ್ಟಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾ ದಳವನ್ನು ಕಟ್ಟಿದರು. ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಹುಟ್ಟಿದ ಈ ದಳದ ಕೇಂದ್ರ ಹುಬ್ಬಳ್ಳಿ. ಸಮವಸ್ತ್ರ, ಕವಾಯತು, ಶಿಬಿರ, ಸೇವೆ, ಎಲ್ಲವೂ ಇದ್ದವು. ದೊರೆಗೆ ನಿಷ್ಠೆ ಎಂಬುದು ಮಾತ್ರ ಇರಲಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಈ ಸ್ವಯಂಸೇವಕರು ದುಡಿದರು. 1932ರಲ್ಲಿ ಸರ್ಕಾರ ದಳವನ್ನು ನಿಷೇಧಿಸಿತು. ಇದು ಸ್ಕೌಟ್ ಸಂಸ್ಥೆಯಲ್ಲ, ರಾಜಕೀಯ ಚಳವಳಿಯ ಅಂಗ, ನಿಜ. ಆದರೆ ಹುಡುಗರ ಶಿಸ್ತು ಯಾರ ಸೊತ್ತಾಗಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರ ಕರ್ನಾಟಕ ಕೊಟ್ಟ ಉತ್ತರ ಅದು.

ಒಂದು ಶಬ್ದದ ಜಗಳ

ಬೇಡನ್ ಪೊವೆಲ್ 1921ರಲ್ಲಿ ಭಾರತಕ್ಕೆ ಬಂದರು. ಬೇರೆ ಬೇರೆ ಸಂಘಗಳನ್ನು ಒಂದು ಮಾಡುವ ಪ್ರಯತ್ನ ನಡೆಯಿತು. ಬೆಸೆಂಟ್ ಅವರ ಸಂಘ ಒಳಗೆ ಬಂದಿತು. ಭಾರತೀಯರಿಗೂ ಬಾಗಿಲು ತೆರೆಯಿತು. ಆದರೆ ಮಾಳವೀಯರ ಸೇವಾ ಸಮಿತಿ ಹೊರಗೇ ಉಳಿಯಿತು. ವಿದೇಶಿ ದೊರೆಗೆ ನಿಷ್ಠೆಯ ಮಾತು ಕೊಡಲು ಎಲ್ಲರೂ ಸಿದ್ಧರಿರಲಿಲ್ಲ.

1937ರಲ್ಲಿ ಅವರು ಮತ್ತೆ ಬಂದು ದೆಹಲಿಯ ಜಾಂಬೂರಿಯಲ್ಲಿ ಭಾಗವಹಿಸಿದರು. ಊರಿಗೆ ಮರಳಿದ ಮೇಲೆ, ಭಾರತೀಯರಿಗೆ ಮಾನ ಎಂಬುದರ ಅರಿವೇ ಕಡಿಮೆ, ಅವರ ಭಾಷೆಯಲ್ಲಿ ಅದಕ್ಕೊಂದು ಶಬ್ದವೂ ಇಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರೆಂದು ಪ್ರಚಾರವಾಯಿತು. ದೇಶದಾದ್ಯಂತ ಪ್ರತಿಭಟನೆ ಎದ್ದಿತು. ಅನೇಕರು ಸಂಸ್ಥೆಯನ್ನು ತೊರೆದರು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಪ್ರತ್ಯೇಕವಾಗಿ ರೂಪುಗೊಂಡಿತು.

ಈ ಮಾತು ಅಷ್ಟೊಂದು ನೋಯಿಸಿದ್ದು ಏಕೆಂದು ತಿಳಿಯಬೇಕಾದರೆ ಸ್ಕೌಟ್ ಪ್ರತಿಜ್ಞೆಯನ್ನು ನೆನೆಯಬೇಕು. ಜಗತ್ತಿನ ಯಾವ ಮೂಲೆಯ ಸ್ಕೌಟ್ ಆದರೂ ಮಾತು ಕೊಡುವುದು ತನ್ನ ಮಾನವನ್ನೇ ಸಾಕ್ಷಿಯಾಗಿಟ್ಟು. ನಿಯಮಗಳ ಪಟ್ಟಿಯಲ್ಲಿ ಮೊದಲನೆಯದೇ ಸ್ಕೌಟ್ ನಂಬಿಕೆಗೆ ಅರ್ಹನು ಎಂಬುದು. ಅಂದಮೇಲೆ ಮಾನವೇ ತಿಳಿಯದ ಜನ ಎಂದರೆ ಸ್ಕೌಟ್ ಆಗಲು ಅರ್ಹತೆಯೇ ಇಲ್ಲದ ಜನ ಎಂದಂತೆ. ನಮ್ಮ ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಉತ್ತರ ಸಿಗುತ್ತಿತ್ತು. ಪ್ರಾಣ ಹೋದರೂ ಮಾನ ಹೋಗಬಾರದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಬರುವ ಗಾದೆ. ಮಾನ, ಮರ್ಯಾದೆ, ಕೊಟ್ಟ ಮಾತು, ಆಡಿದ ನಾಲಿಗೆ ಎಂದು ಕನ್ನಡದಲ್ಲಿ ಈ ಒಂದು ವಿಷಯಕ್ಕೆ ಎಷ್ಟು ನುಡಿಗಟ್ಟುಗಳಿವೆ ಎಂದು ಓದುಗರೇ ಲೆಕ್ಕ ಹಾಕಬಹುದು.

ಹಾಗೆಂದು ಬೇಡನ್ ಪೊವೆಲ್ ಕಟ್ಟಿದ್ದನ್ನೆಲ್ಲ ನಮ್ಮವರು ಎಸೆಯಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಕೋಲು, ಹಗ್ಗ, ಪ್ರತಿಜ್ಞೆ, ಸಣ್ಣ ತಂಡದ ಪದ್ಧತಿ ಎಲ್ಲವನ್ನೂ ಉಳಿಸಿಕೊಂಡು, ಅವು ನಮ್ಮವೂ ಹೌದೆಂದು ನಡೆದು ತೋರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ನೆಹರೂ, ಮೌಲಾನಾ ಆಜಾದ್, ಕುಂಜ್ರು, ನ್ಯಾಯಮೂರ್ತಿ ವಿವಿಯನ್ ಬೋಸ್ ಮುಂತಾದವರ ಪ್ರಯತ್ನದಿಂದ 1950ರ ನವೆಂಬರ್ 7ರಂದು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಹುಡುಗಿಯರ ಗೈಡ್ ಸಂಘವೂ ಸೇರಿತು. ಇಂದಿಗೂ ನವೆಂಬರ್ 7 ಸಂಸ್ಥಾಪನಾ ದಿನ. 2025ರಲ್ಲಿ ಅದಕ್ಕೆ ಎಪ್ಪತ್ತೈದು ತುಂಬಿತು. ನಮ್ಮ ದೇಶದ ಸ್ಕೌಟ್ ನಿಯಮಗಳು ಒಂಬತ್ತು. ಅವುಗಳಲ್ಲಿ ಒಂದು ಶಿಸ್ತಿನ ಜೊತೆಗೆ ಸಾರ್ವಜನಿಕ ಆಸ್ತಿಯ ರಕ್ಷಣೆಯನ್ನೂ ಹೇಳುತ್ತದೆ. ದೊರೆ ಹೋಗಿ ಜನರ ರಾಜ್ಯ ಬಂದದ್ದರ ಗುರುತು ಹೀಗೆ ಹುಡುಗರ ನಿಯಮದಲ್ಲೂ ಕಾಣುತ್ತದೆ.

ಕೋಲು, ಹಗ್ಗ, ನೆರಳು

ಈಗ ಮೈದಾನದ ಹಿಂಬದಿಯ ಆಟಗಳಿಗೆ ಬರೋಣ. ವಿಜ್ಞಾನ ಓದಿದವನಾದ ನನಗೆ ಇವು ಆಟಕ್ಕಿಂತ ಹೆಚ್ಚಾಗಿ ಬಯಲಿನ ಪ್ರಯೋಗಶಾಲೆಯಂತೆ ಕಾಣುತ್ತವೆ.

ಮರ ಹತ್ತದೆ ಅದರ ಎತ್ತರ ಹೇಳಬೇಕು. ಐದು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ನಾಲ್ಕು ಅಡಿ ನೆರಳು ಬಿದ್ದಿತು, ಅದೇ ಹೊತ್ತಿಗೆ ಮರದ ನೆರಳು 32 ಅಡಿ ಇತ್ತು ಎನ್ನಿ. ಮರದ ಎತ್ತರ 40 ಅಡಿ. ಹೊಳೆ ದಾಟದೆ ಅದರ ಅಗಲ ಹೇಳಬೇಕು. ಆಚೆ ದಡದ ಒಂದು ಮರಕ್ಕೆ ಎದುರಾಗಿ ನಿಂತು, ಅಲ್ಲಿಂದ ದಡದಗುಂಟ 40 ಹೆಜ್ಜೆ ನಡೆದು ಒಂದು ಕೋಲು ನೆಡಿ. ಮತ್ತೆ 20 ಹೆಜ್ಜೆ ಅದೇ ನೇರದಲ್ಲಿ ಮುಂದೆ ಹೋಗಿ. ಅಲ್ಲಿಂದ ಹೊಳೆಗೆ ಬೆನ್ನು ಮಾಡಿ ಲಂಬವಾಗಿ ನಡೆಯುತ್ತ, ನೆಟ್ಟ ಕೋಲು ಮತ್ತು ಆಚೆ ದಡದ ಮರ ಒಂದೇ ಸಾಲಿನಲ್ಲಿ ಕಾಣುವ ಕಡೆ ನಿಲ್ಲಿ. ಈ ಕೊನೆಯ ನಡಿಗೆ 25 ಹೆಜ್ಜೆಯಾದರೆ ಹೊಳೆಯ ಅಗಲ 50 ಹೆಜ್ಜೆ. ಕಪ್ಪು ಹಲಗೆಯ ಮೇಲೆ ಸಮರೂಪ ತ್ರಿಕೋನ ಎಂದು ಬರೆದರೆ ಆಕಳಿಸುವ ಹುಡುಗ ಮಲಪ್ರಭೆಯ ದಂಡೆಯಲ್ಲಿ ಇದನ್ನು ಒಮ್ಮೆ ಮಾಡಿದರೆ ಮರೆಯಲಾರ.

ಗಂಟುಗಳ ವಿಷಯವೂ ಹಾಗೆಯೇ. ಎತ್ತು ಎಮ್ಮೆ ಕಟ್ಟಿ ಬೆಳೆದ ನಮ್ಮ ಹಳ್ಳಿಯ ಹುಡುಗರಿಗೆ ಜೀರುಗುಣಿಕೆ ಹೊಸದಲ್ಲ. ಆದರೆ ಬಾವಿಗೆ ಬಿದ್ದವನನ್ನು ಎತ್ತಲು ಜೀರುಗುಣಿಕೆ ಹಾಕಿದರೆ ಎಳೆದಷ್ಟೂ ಅದು ಬಿಗಿದು ಉಸಿರು ಕಟ್ಟಿಸುತ್ತದೆ. ಅಲ್ಲಿ ಬೇಕಾದದ್ದು ಭಾರ ಬಿದ್ದರೂ ಕುಣಿಕೆ ಕಿರಿದಾಗದ ಬೋಲೈನ್ ಗಂಟು. ಎರಡೂ ಒಂದೇ ಹಗ್ಗದಿಂದ ಆಗುವಂಥವು. ಒಂದು ಜೀವ ಉಳಿಸಿದರೆ ಇನ್ನೊಂದು ತೆಗೆದೀತು.

ಎಲ್ಲಕ್ಕಿಂತ ಸ್ವಾರಸ್ಯದ್ದು ದಿಕ್ಕಿನ ಆಟ. ಕೈಗಡಿಯಾರದ ಗಂಟೆಯ ಮುಳ್ಳನ್ನು ಸೂರ್ಯನತ್ತ ಹಿಡಿದು, ಅದಕ್ಕೂ ಹನ್ನೆರಡರ ಅಂಕೆಗೂ ನಡುವಿನ ಮಧ್ಯರೇಖೆಯನ್ನು ನೋಡಿದರೆ ದಕ್ಷಿಣ ಸಿಗುತ್ತದೆ ಎಂಬುದು ಹಳೆಯ ಸ್ಕೌಟ್ ಪಾಠ. ಇಂಗ್ಲೆಂಡಿನಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುವುದರಿಂದ ಇದು ಅಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಬಾದಾಮಿಯಲ್ಲಿ ಇದನ್ನು ಹಾಗೆಯೇ ಪಾಲಿಸಿದ ಹುಡುಗ ದಾರಿ ತಪ್ಪುತ್ತಾನೆ. ಮೊದಲನೆಯದಾಗಿ, ನಮ್ಮ ಗಡಿಯಾರ ತೋರಿಸುವ ಭಾರತೀಯ ಕಾಲಮಾನ ಪೂರ್ವ ರೇಖಾಂಶ 82.5 ಡಿಗ್ರಿಯದು, ಬಾದಾಮಿ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿನ ಸೂರ್ಯ ಸುಮಾರು 27 ನಿಮಿಷ ಹಿಂದೆ. ಎರಡನೆಯದು ಇನ್ನೂ ಗಂಭೀರ. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಈ ಪ್ರದೇಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲೊಮ್ಮೆ ಮತ್ತು ಆಗಸ್ಟ್ 8ರ ಆಸುಪಾಸಿನಲ್ಲೊಮ್ಮೆ, ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ.

ಕಾಕತಾಳೀಯವೆಂದರೆ ಬ್ರೌನ್‌ಸೀ ಶಿಬಿರದ ವಾರ್ಷಿಕೋತ್ಸವ ಬರುವುದೂ ಆಗಸ್ಟ್ 1ರಿಂದ 8ರ ವಾರದಲ್ಲೇ. ಆಗಸ್ಟ್ 1ರಂದು ಮೋಡವಿಲ್ಲದಿದ್ದರೆ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಶಿವಯೋಗ ಮಂದಿರದ ಹೊಳೆದಂಡೆಯಲ್ಲಿ ಐದು ಅಡಿ ಕೋಲು ನೆಟ್ಟರೆ ಬೀಳುವ ನೆರಳು ಎರಡು ಇಂಚಿನಷ್ಟು, ಅದೂ ದಕ್ಷಿಣಕ್ಕೆ. ವಾರ ಮುಗಿಯುವ ಹೊತ್ತಿಗೆ ಆ ನೆರಳೂ ಇಲ್ಲವಾಗುತ್ತದೆ. ಇಂಗ್ಲೆಂಡಿನ ಪಾಠ ನಮ್ಮ ಆಕಾಶದಲ್ಲಿ ನಡೆಯದು. ಹಾಗಾದರೆ ಏನು ಮಾಡಬೇಕು? ನಮ್ಮ ಹಿಂದಿನ ಖಗೋಳ ಗ್ರಂಥಗಳು ಹೇಳಿದ ಶಂಕುವಿನ ವಿಧಾನವಿದೆ. ಕೋಲಿನ ಬುಡದ ಸುತ್ತ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ಕುಗ್ಗುವ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು, ಮಧ್ಯಾಹ್ನದ ಮೇಲೆ ಬೆಳೆಯುವ ನೆರಳಿನ ತುದಿ ಮತ್ತೆ ಮುಟ್ಟಿದ ಕಡೆ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಇದು ಇಂಗ್ಲೆಂಡಿನಲ್ಲೂ ನಡೆಯುತ್ತದೆ, ಬಾದಾಮಿಯಲ್ಲೂ ನಡೆಯುತ್ತದೆ. ಹೊರಗಿನಿಂದ ಬಂದ ವಿದ್ಯೆಯನ್ನು ನಮ್ಮ ನೆಲದಲ್ಲಿ ಪರೀಕ್ಷಿಸಿ ನಮ್ಮದಾಗಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ಚಳವಳಿಯ ಭಾರತದ ಚರಿತ್ರೆಯೂ ಇದನ್ನೇ ಅಲ್ಲವೇ ಹೇಳುವುದು?

ಪದಕ ಮತ್ತು ಪದಕದಾಚೆ

ಹಬ್ಬದ ದಿನ ಪ್ರಶಸ್ತಿ ಕೊಡುವುದನ್ನು ನಾನು ಹಗುರಾಗಿ ಕಾಣುವುದಿಲ್ಲ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ತಲುಪಲು ಒಬ್ಬ ಹುಡುಗ ಅಥವಾ ಹುಡುಗಿಗೆ ವರ್ಷಗಳೇ ಬೇಕು. ಪ್ರತಿ ಮೆಟ್ಟಿಲಿಗೂ ಕೈಯಿಂದ ಮಾಡಿ ತೋರಿಸುವ ಕೆಲಸಗಳಿವೆ. ಈ ತರಬೇತಿಗಾಗಿ ನಮ್ಮ ರಾಜ್ಯದಲ್ಲಿ ದುಡಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ದೊಡ್ಡದು. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕೆರೆ ಮತ್ತು ಗುಡ್ಡದ ಮಡಿಲಲ್ಲಿರುವ ತರಬೇತಿ ಕೇಂದ್ರಕ್ಕೆ ಅವರದೇ ಹೆಸರು. ದೊಡ್ಡ ಹಬ್ಬಗಳನ್ನೂ ಕರ್ನಾಟಕ ಕಂಡಿದೆ. 2016ರ ಕೊನೆ ಮತ್ತು 2017ರ ಆರಂಭದಲ್ಲಿ ಮೈಸೂರಿನ ಹತ್ತಿರ ಅಡಕನಹಳ್ಳಿಯಲ್ಲಿ ರಾಷ್ಟ್ರೀಯ ಜಾಂಬೂರಿ ನಡೆಯಿತು. ಮೈಸೂರು ಸಂಸ್ಥಾನದ ಚಳವಳಿಗೆ ಆಗಲೇ ನೂರು ತುಂಬುತ್ತಿತ್ತು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಸಾಂಸ್ಕೃತಿಕ ಜಾಂಬೂರಿಯಲ್ಲಿ ಸುಮಾರು ಐವತ್ತು ಸಾವಿರ ಮಂದಿ ಸೇರಿದರು.

ಇಂಥ ಹಬ್ಬಗಳಲ್ಲಿ ಪದಕವನ್ನು ಎದೆಗೆ ಚುಚ್ಚುವ ಕ್ಷಣವನ್ನು ನಾವು ತಪ್ಪದೆ ಸೆರೆಹಿಡಿಯುತ್ತೇವೆ. ಆದರೆ ನನ್ನ ವೃತ್ತಿಯ ಮಿತಿಯೊಂದು ಅಲ್ಲಿಯೇ ಎದುರಾಗುತ್ತದೆ. ದಿನಕ್ಕೊಂದು ಸತ್ಕಾರ್ಯ ಎಂಬುದು ಸ್ಕೌಟ್ ಹುಡುಗನ ಹಳೆಯ ಕಟ್ಟಳೆ. ಅದನ್ನು ಹೇಳಿಕೊಳ್ಳಬಾರದು, ಪ್ರತಿಫಲ ತೆಗೆದುಕೊಳ್ಳಬಾರದು. ಅಂದರೆ ಕ್ಯಾಮೆರಾ ಎದುರಿಗಿದ್ದಾಗ ಮಾಡಿದ್ದು ಲೆಕ್ಕಕ್ಕೆ ಬಾರದು! ಹಾದಿಯ ಮುಳ್ಳನ್ನು ಸರಿಸಿದವನ, ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಟ್ಟವನ ಚಿತ್ರ ನಮ್ಮ ಬಳಿ ಇರುವುದಿಲ್ಲ.

ಹಳೆಯ ಆಟಗಳು ಯಾಕೆ ಬೇಕು ಎಂಬ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಇದು. ಗಂಟು ಸರಿಯಾಗಿದೆಯೇ ಎಂದು ಹೇಳುವುದು ತೀರ್ಪುಗಾರನಲ್ಲ, ಭಾರ ಹೊತ್ತ ಹಗ್ಗ. ದಿಕ್ಕು ಸರಿಯೇ ಎಂಬುದನ್ನು ಸೂರ್ಯ ಹೇಳುತ್ತಾನೆ. ಅಲ್ಲಿ ನಕಲು ನಡೆಯದು, ಶಿಫಾರಸು ನಡೆಯದು. ಯಾರೂ ನೋಡದಾಗಲೂ ಸರಿಯಾಗಿ ಮಾಡುವುದನ್ನು ಹುಡುಗ ಅಲ್ಲಿ ಕಲಿಯುತ್ತಾನೆ. ನಮ್ಮ ಹಿರಿಯರು ಮಾನ ಎಂದದ್ದೂ ಅದನ್ನೇ. ನಿಮ್ಮಲ್ಲಿ ಆ ಶಬ್ದವೇ ಇಲ್ಲ ಎಂದವರಿಗೆ ನಮ್ಮ ನಾಡಿನ ಹುಡುಗರು ಭಾಷಣದಿಂದ ಉತ್ತರಿಸಲಿಲ್ಲ. ಪ್ರವಾಹದಲ್ಲಿ, ಜಾತ್ರೆಯ ನೂಕುನುಗ್ಗಲಿನಲ್ಲಿ, ರಕ್ತದಾನದ ಶಿಬಿರದಲ್ಲಿ ದುಡಿದು ಉತ್ತರಿಸಿದರು.

ಮುಂದಿನ ಸಲ ನಿಮ್ಮೂರಿನ ಶಾಲೆಯಲ್ಲಿ ಬಾಲಚರರ ಹಬ್ಬ ನಡೆದರೆ, ಪದಕ ಪ್ರದಾನ ಮುಗಿದ ಕೂಡಲೇ ಎದ್ದು ಹೋಗಬೇಡಿ. ಮೈದಾನದ ಹಿಂಬದಿಗೆ ಹೋಗಿ. ಕೋಲು ನೆಟ್ಟು ನೆರಳನ್ನು ಕಾಯುತ್ತ ಕುಳಿತ ಹುಡುಗಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನೀವೂ ಕುಳಿತುಕೊಳ್ಳಿ. ದಿಕ್ಕು ಯಾವ ಕಡೆ ಎಂದು ಕೇಳಿ. ಅವಳು ಗಡಿಯಾರ ನೋಡದೆ ಉತ್ತರ ಹೇಳಿದರೆ ಆ ದಳದ ಹಬ್ಬ ಸಾರ್ಥಕವಾಯಿತೆಂದು ತಿಳಿಯಬಹುದು.